ತಿಳಿಗುಲಾಬಿ ನಮಗಲ್ಲ

ನನ್ನ ಮನೆಯ ಸೋಫಾದ ಮೇಲೆ ನಾನು ಕೂತು ಎಂಟು ತಿಂಗಳಾಯಿತು. ಅಲ್ಲಿ ನನ್ನ ಹೆಂಡತಿಯ ಲಂಗ ಕೂತಿದೆ. ಸುಳ್ಳಲ್ಲ ಸ್ವಾಮಿ, ಅದು ನಿಜವಾಗಿಯೂ ಕೂರುತ್ತದೆ. ಒಳಗೆ ಐದು ಪದರ ಗಟ್ಟಿ ಬಲೆಬಟ್ಟೆ, ಹೊರಗೆ ನೆರಿಗೆ, ನೆರಿಗೆಯ ಮೇಲೆ ಲೇಸು, ಆ ಲೇಸಿಗೆ ನಾಚಿಕೆಯಾಗದಿರಲೆಂದು ಇನ್ನೊಂದು ಲೇಸು. ಮಡಚಿಟ್ಟರೆ ಅದರ ಗತ್ತು ಹೋಗುತ್ತದಂತೆ. ಹಾಗಾಗಿ ಶ್ರೀಮನ್ಮಹಾಲಂಗದವರು ಸೋಫಾದ ಮೇಲೆ, ಮನೆಯ ಯಜಮಾನನಾದ ನಾನು ಚಾಪೆಯ ಮೇಲೆ. (ನಮ್ಮ ಫಿಜಿಯಲ್ಲಿ ಚಾಪೆಯ ಮೇಲೆ ಕೂರುವುದು ಮರ್ಯಾದೆಯೇ. ಆದರೆ ತಾನಾಗಿ ಕೂರುವುದು ಬೇರೆ, ಲಂಗಕ್ಕೆ ಜಾಗ ಬಿಟ್ಟುಕೊಟ್ಟು ಕೂರುವುದು ಬೇರೆ.)

ನನ್ನ ಹೆಂಡತಿ ಟಿಟಿಲಿಯಾಗೆ ನಲವತ್ತಾರು ವರ್ಷ. ಸುವಾ ಊರಿನ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಶಾಲಾ ಮಕ್ಕಳ ಸಮವಸ್ತ್ರಕ್ಕೆ ಕಾಲರ್ ಹೊಲಿಯುತ್ತಾಳೆ. ಇಪ್ಪತ್ತು ವರ್ಷದಿಂದ ಅದೇ ಕಾಲರ್, ಅದೇ ನೀಲಿ. ಒಂದು ದಿನ ಹಳೇಬಟ್ಟೆ ಅಂಗಡಿಯಲ್ಲಿ ಜಪಾನಿನಿಂದ ಬಂದ ಮೂಟೆ ಬಿಚ್ಚಿದಾಗ ತಳದಲ್ಲಿ ಒಂದು ಗುಲಾಬಿ ಫ್ರಾಕು ಸಿಕ್ಕಿತು. ಟೋಕಿಯೋದ ಹರಾಜುಕು ಎಂಬಲ್ಲಿ ಹುಡುಗಿಯರು ಹೀಗೆ ಗೊಂಬೆಗಳ ಹಾಗೆ ಉಟ್ಟುಕೊಂಡು ಬೀದಿಯಲ್ಲಿ ಓಡಾಡುತ್ತಾರಂತೆ, ಇವಳು ನನಗೆ ಅವರ ಚಿತ್ರವನ್ನೂ ತೋರಿಸಿದಳು. ಅದು ಇವಳ ಒಂದು ತೋಳಿಗೆ ಸಾಕಾಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವಳು ಅದರ ಹೊಲಿಗೆಯನ್ನೆಲ್ಲ ಬಿಚ್ಚಿ, ಒಳಗುಟ್ಟು ಕಲಿತು, ತನ್ನ ಅಳತೆಗೆ ಹದಿನಾಲ್ಕು ಮೀಟರ್ ತಿಳಿಗುಲಾಬಿ ಬಟ್ಟೆಯಲ್ಲಿ ಹೊಸದನ್ನು ಶುರುಮಾಡಿದಳು.

ಊರಿನಲ್ಲಿ ಇಂಥದ್ದೇ ಹುಚ್ಚಿನ ಆರು ಜನ ಹೆಂಗಸರಿದ್ದಾರೆಂದು ನನಗೆ ಆಮೇಲೆ ತಿಳಿಯಿತು. ತಿಂಗಳಿಗೊಮ್ಮೆ ಶನಿವಾರ ಹೂದೋಟದಲ್ಲಿ ಹೀಗೆ ಉಟ್ಟುಕೊಂಡು ಚಹಾ ಕುಡಿಯುತ್ತಾರೆ. ಈ ಸಲ ಫೋಟೋ ತೆಗೆಯುವವರು ಬರುತ್ತಾರೆ, ಸಾಲಾಗಿ ನಡೆಯಬೇಕು, ಎಲ್ಲರಿಗಿಂತ ಮುಂದೆ ಟಿಟಿಲಿಯಾ. ಏಕೆಂದರೆ ತನ್ನ ಉಡುಪನ್ನು ತಾನೇ ಹೊಲಿದವಳು ಅವಳೊಬ್ಬಳೇ. ಇಪ್ಪತ್ತು ವರ್ಷದಲ್ಲಿ ಅವಳನ್ನು ಯಾರೂ ಯಾವುದಕ್ಕೂ ಮುಂದೆ ನಿಲ್ಲಿಸಿರಲಿಲ್ಲ.

ಅವಳು ಮೊದಲ ಸಲ ಅದನ್ನು ತೊಟ್ಟು ನನ್ನೆದುರು ನಿಂತ ದಿನ ನಾನು ಸುಮ್ಮನಿರಬೇಕಿತ್ತು. ಟೋಪಿಯನ್ನು ಅನ್ನದ ಬೋಗುಣಿಯಷ್ಟು ದೊಡ್ಡದಾಗಿ ಹೊಲಿದಿದ್ದಳು. (ಚಿತ್ರದ ಹುಡುಗಿಯರ ಕೂದಲು ಕೆಳಗೆ ಬೀಳುತ್ತದೆ, ನಮ್ಮದು ಮೇಲಕ್ಕೇಳುತ್ತದೆ.)

"ಹೇಗಿದೆ ರೀ?" ಎಂದಳು.

"ಚೆನ್ನಾಗೇನೋ ಇದೆ. ಆದ್ರೆ ಆ ಚಿತ್ರದಲ್ಲಿರೋ ಹುಡುಗೀರು ಹಾಲಿನ ಹಾಗಿದ್ದಾರೆ. ಈ ಬಣ್ಣ ನಮ್ಮಂಥ ಮೈಬಣ್ಣಕ್ಕಲ್ಲ ಕಣೇ."

ಅವಳು ಟೋಪಿ ತೆಗೆದು, ಕನ್ನಡಿಯಲ್ಲಿ ತನ್ನ ಮುಖವನ್ನು ಒಂದು ಗಳಿಗೆ ನೋಡಿಕೊಂಡು ಅಡುಗೆಮನೆಗೆ ಹೋದಳು. ಅಂದು ತೆಂಗಿನಹಾಲಿನಲ್ಲಿ ಬೇಯಿಸಿದ ಮೀನಿತ್ತು. ಮೀನಿನ ತಲೆ ಮನೆಯ ಯಜಮಾನನಿಗೆ ಸಲ್ಲಬೇಕು, ನಮ್ಮ ಅಜ್ಜನ ಅಜ್ಜನ ಕಾಲದಿಂದ ಹಾಗೇ. ನನ್ನ ತಟ್ಟೆಗೆ ಬಾಲ ಬಿತ್ತು.

ನನಗೇನು ಅವಳ ಮೇಲೆ ದ್ವೇಷವೇ? ನನ್ನ ಕಷ್ಟ ನನಗೆ. ನಾನು ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಬರೆಯುವವನು. ಹೂದೋಟಕ್ಕೆ ಹೋಗಬೇಕಾದರೆ ನನ್ನ ಮೇಜಿನ ಮುಂದೆಯೇ ಹೋಗಿ ಬಸ್ಸು ಹತ್ತಬೇಕು. ಆ ಬಸ್ಸು ಓಡಿಸುವವನು ವಾಟಿಸೋನಿ, ನನ್ನ ಸೋದರಮಾವನ ಮಗ. ನಮ್ಮಲ್ಲಿ ಅತ್ತೆ-ಮಾವನ ಮಕ್ಕಳು ಒಬ್ಬರನ್ನೊಬ್ಬರು ಎಷ್ಟು ಗೇಲಿ ಮಾಡಿದರೂ ಸಿಟ್ಟಾಗುವಂತಿಲ್ಲ. ವಾಟಿಸೋನಿಯ ಗಂಟಲು ಅವನ ಬಸ್ಸಿನ ಹಾರನ್ನಿಗಿಂತ ಜೋರು. ಒಮ್ಮೆ ನಾನು ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದದ್ದನ್ನು ಆರು ವರ್ಷ ಊರಿಗೆಲ್ಲ ಸಾರಿದವನು. ಈ ಲಂಗವನ್ನು ಕಂಡರೆ ನನ್ನ ಹೆಣ ಹೊರುವವರೆಗೂ ಬಿಡುವುದಿಲ್ಲ.

ಆಗ ನನ್ನ ಘನವಾದ ತಲೆಗೆ ಒಂದು ಘನವಾದ ಉಪಾಯ ಹೊಳೆಯಿತು. ಕೆರೆಕೆರೆ! ನಮ್ಮಲ್ಲಿ ನೆಂಟರು ಮನೆಗೆ ಬಂದು ಒಂದು ವಸ್ತು ನೋಡಿ "ಕೆರೆಕೆರೆ" ಎಂದರೆ ಮುಗಿಯಿತು, ಕೊಡಲೇಬೇಕು. ಕೊಡುವುದಿಲ್ಲ ಎಂದರೆ ಮಾನ ಹೋಗುತ್ತದೆ, ಕೊಟ್ಟದ್ದನ್ನು ವಾಪಸ್ಸು ಕೇಳಿದರೆ ವಂಶದ ಮಾನವೇ ಹೋಗುತ್ತದೆ. ಈ ವಿದ್ಯೆಯಲ್ಲಿ ನನ್ನ ಅಕ್ಕ ಅಕಾನಿಸಿಯನ್ನು ಮೀರಿಸಿದವರಿಲ್ಲ. ನನ್ನ ರೇಡಿಯೋ, ಮಳೆಬೂಟು, ದೊಡ್ಡ ಹಂಡೆ ಎಲ್ಲ ಈಗ ನೌಸೋರಿಯ ಅವಳ ಮನೆಯಲ್ಲಿವೆ. ನಾನು ಗುಟ್ಟಾಗಿ ಫೋನ್ ಮಾಡಿದೆ. "ಅಕ್ಕಾ, ಬಂದು ಹೋಗು. ನಮ್ಮನೇಲಿ ಒಂದು ಚೆನ್ನಾದ ಉಡುಪಿದೆ" ಎಂದಷ್ಟೇ ಹೇಳಿದೆ.

ಬುಧವಾರ ಸಂಜೆ ಅಕ್ಕ ಒಂದು ಬುಟ್ಟಿ ಮರಗೆಣಸು ಹೊತ್ತು ಬಂದಳು. ಅಕ್ಕನ ಮೈಕಟ್ಟು ಟಿಟಿಲಿಯಾಳದ್ದೇ, ಬಣ್ಣ ಅವಳಿಗಿಂತ ಎರಡು ಸುತ್ತು ಕಪ್ಪು. ಒಳಗೆ ಕಾಲಿಟ್ಟವಳು ಸೋಫಾ ನೋಡಿ ಬುಟ್ಟಿಯನ್ನು ನನ್ನ ಕಾಲ ಮೇಲೆ ಇಳಿಸಿದಳು.

"ಅಯ್ಯೋ ನನ್ನ ತಾಯಿ! ಇದೇನೇ ಟಿಟಿಲಿಯಾ ಇದು?"

"ನಾನೇ ಹೊಲಿದದ್ದು ಅತ್ತಿಗೆ" ಎಂದಳು ಟಿಟಿಲಿಯಾ. ನಾನು ಬಣ್ಣದ ಮಾತೆತ್ತಿದ ಮೇಲಿನ ಎಂಟು ದಿನದಲ್ಲಿ ಅವಳ ಮುಖ ಅರಳಿದ್ದು ಅದೇ ಮೊದಲು.

"ಕೆರೆಕೆರೆ ಕಣೇ. ಇದು ನಂಗೆ ಬೇಕು."

ಅರಳಿದ ಮುಖ ಹಾಗೆಯೇ ನಿಂತುಬಿಟ್ಟಿತು. ಆಮೇಲೆ ಟಿಟಿಲಿಯಾ ಬಗ್ಗಿ, ಲಂಗದ ಒಂದೊಂದೇ ಪದರ ಸರಿಮಾಡಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. "ತಗೊಳ್ಳಿ ಅತ್ತಿಗೆ. ಕಂಕುಳ ಹತ್ರ ಹೊಲಿಗೆ ಸೂಕ್ಷ್ಮ, ನಿಧಾನಕ್ಕೆ ಹಾಕ್ಕೊಳ್ಳಿ" ಎಂದಳು. ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ನಾನು ಗೆದ್ದಿದ್ದೆ. ಗೆದ್ದವನು ಸಂತೋಷಪಡಬೇಕು. ನನಗೆ ಮಾತ್ರ ಹೆಂಡತಿಯ ಬೆನ್ನನ್ನು ನೋಡಲಿಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಅಕ್ಕ ಕೋಣೆಯಿಂದ ಉಟ್ಟುಕೊಂಡೇ ಬಂದಳು. ದೇವರಾಣೆಗೂ ಹೇಳುತ್ತೇನೆ, ನಾನು ಬಾಯಿ ತೆರೆದವನು ಮುಚ್ಚಲಿಲ್ಲ. ಆ ತಿಳಿಗುಲಾಬಿ ಅವಳ ಕಪ್ಪು ಹೆಗಲ ಮೇಲೆ ಏನು ಚೆಂದ ಕಾಣುತ್ತಿತ್ತು! ಹಾಲಿನಂಥ ಹುಡುಗಿಯರ ಮೈಮೇಲೆ ಅದು ಎಲ್ಲಿದೆಯೆಂದು ಹುಡುಕಬೇಕು, ಇಲ್ಲಿ ಬೀದಿಯಾಚೆಯಿಂದ ಕಾಣುತ್ತಿತ್ತು. ಟಿಟಿಲಿಯಾ ಬಾಗಿಲಲ್ಲಿ ನಿಂತು ಒದ್ದೆ ಕೈಯಲ್ಲೇ ನೋಡಿದಳು.

"ಬಣ್ಣ ನಿಮಗೆ ಒಪ್ತು ಅತ್ತಿಗೆ. ಇವರು ನಮ್ಮಂಥ ಮೈಬಣ್ಣಕ್ಕಲ್ಲ ಅಂದಿದ್ರು."

"ಯಾರು, ಇವನಾ?" ಅಕ್ಕ ನನ್ನತ್ತ ತಿರುಗಿದಳು. "ಲೋ ಅಪಿಸಾಯ್, ಫೋನ್ ಮಾಡಿ ಚೆನ್ನಾದ ಉಡುಪಿದೆ ಬಾ ಅಂದೋನು ನೀನೇ ಅಲ್ವೇನೋ?"

ಟಿಟಿಲಿಯಾ ನನ್ನನ್ನು ನೋಡಿದಳು. ಅಕ್ಕ ಅವಳನ್ನು ನೋಡಿದಳು, ಶನಿವಾರದ ಸಮಾಚಾರವನ್ನೆಲ್ಲ ಕೇಳಿ ತಿಳಿದುಕೊಂಡಳು. ಕೊಟ್ಟದ್ದನ್ನು ಹಿಂದಿರುಗಿಸಿದರೆ ಕೊಟ್ಟವಳಿಗೆ ಅವಮಾನ, ಆ ದಾರಿ ಇಲ್ಲ. ಅಕ್ಕ ಸೊಂಟಕ್ಕೆ ಕೈಯಿಟ್ಟು ನಮ್ಮ ಕಪಾಟಿನ ಕಡೆ ನಡೆದಳು. ಅಲ್ಲಿ ಕಾಗದದಲ್ಲಿ ಸುತ್ತಿದ, ಇನ್ನೂ ಹೊಲಿಯದ ನನ್ನ ಬಟ್ಟೆಯಿತ್ತು. ಭಾನುವಾರ ಚರ್ಚಿನಲ್ಲಿ ಹಾಡುವ ಸ್ಪರ್ಧೆ, ನಮ್ಮ ತಂಡದ ಗಂಡಸರಿಗೆಲ್ಲ ಕೋಟಿಗೂ ಸುಲುವಿಗೂ ಒಂದೇ ದ್ರಾಕ್ಷಿಗೆಂಪು ಬಟ್ಟೆ. ಸುಲು ಎಂದರೆ ನಾವು ಸೊಂಟಕ್ಕೆ ಸುತ್ತುವ ಪಂಚೆ, ನನಗೆ ಧಾರಾಳವಾಗಿ ಬೇಕು.

"ತಮ್ಮಾ, ಕೆರೆಕೆರೆ."

"ಅಕ್ಕಾ! ಅದು ದೇವರ ಕೆಲಸದ್ದು!"

"ಹೌದಪ್ಪಾ, ದೇವರ ಕೆಲಸಕ್ಕೇ ಹೋಗ್ತಿದೆ. ತಗೋ ಟಿಟಿಲಿಯಾ, ನಿಂಗೆ. ಲೇಸ್ ಸಾಲದಿದ್ರೆ ಆ ಕಿಟಕಿ ಪರದೆ ಇದೆಯಲ್ಲ, ಅದನ್ನೂ ಕೆರೆಕೆರೆ ಮಾಡಿದೀನಿ."

ಎರಡು ದಿನ ಅತ್ತಿಗೆ ನಾದಿನಿ ಸೇರಿ ಹೊಲಿದರು. ನನ್ನ ಕಿಟಕಿಗಳು ಬತ್ತಲಾದವು. ಶನಿವಾರ ಬೆಳಿಗ್ಗೆ ನಾನು ಮೇಜಿನ ಹಿಂದೆ ತಲೆ ತಗ್ಗಿಸಿ, ಬಾರದ ಬಸ್ಸಿನ ಹೊತ್ತನ್ನೂ ಬರೆಯುತ್ತ ಕೂತಿದ್ದೆ. ಅವರಿಬ್ಬರೂ ಬಂದರು. ಅಕ್ಕ ಗುಲಾಬಿ, ಟಿಟಿಲಿಯಾ ದ್ರಾಕ್ಷಿಗೆಂಪು, ಮೇಲೆ ನಮ್ಮನೆ ಪರದೆಯ ಬಿಳಿ ಲೇಸು. ಟಿಟಿಲಿಯಾ ಕೂದಲನ್ನು ಈ ಸಲ ಟೋಪಿಯೊಳಗೆ ತುರುಕಿರಲಿಲ್ಲ, ಮೇಲಕ್ಕೇಳಲು ಬಿಟ್ಟು ಒಂದು ದೊಡ್ಡ ರಿಬ್ಬನ್ ಕಟ್ಟಿದ್ದಳು. ತರಕಾರಿ ಮಾರುವ ಹೆಂಗಸರು ಕೆಸುವಿನಗೆಡ್ಡೆ ತೂಗುವುದು ಬಿಟ್ಟು ನಿಂತರು. ವಾಟಿಸೋನಿ ಬಸ್ಸಿನಿಂದ ತಲೆ ಹೊರಹಾಕಿದ. ನಾನು ಕಣ್ಣು ಮುಚ್ಚಿದೆ.

"ಭಾವಾ!" ಎಂದು ಕೂಗಿದ. "ನೀನೇನೋ ಅಲ್ಲಿ ಕಟ್ಟಿಗೆ ಹಾಗೆ ಕೂತಿದೀಯ? ಬಂದು ಬಾಗಿಲು ಹಿಡಿ, ಲಂಗ ಸಿಕ್ಕಿಕೊಂಡೀತು!"

ಹಿಡಿದೆ. ಟಿಟಿಲಿಯಾ ಹತ್ತುವಾಗ ನನ್ನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟಳು. "ಚೆನ್ನಾಗಿದೆ ಕಣೇ" ಎಂದೆ. ಮನಸ್ಸಿನಿಂದಲೇ ಹೇಳಿದ್ದು. ಅವಳು ಸಾಲಿನ ಮುಂದೆ ನಡೆದಳು, ಫೋಟೋ ಬಂದಿದೆ, ಈಗ ಗೋಡೆಯ ಮೇಲಿದೆ.

ಇನ್ನು ನನ್ನ ಭಾನುವಾರ. ಅಂಗಡಿಯಲ್ಲಿ ದ್ರಾಕ್ಷಿಗೆಂಪು ಒಂದು ಗೇಣೂ ಉಳಿದಿರಲಿಲ್ಲ. ಶನಿವಾರ ಹೂದೋಟದಿಂದ ಬಂದ ಟಿಟಿಲಿಯಾ ತಣ್ಣಗೆ ಹೇಳಿದಳು:

"ಗುಲಾಬಿ ಬಟ್ಟೆ ಮೂರು ಮೀಟರ್ ಉಳಿದಿದೆ ರೀ. ಕೋಟಿಗಾಗುತ್ತೆ. ಲೇಸ್ ಇಡ್ಲಾ?"

"ಬೇಡ!"

"ಜೇಬಿಗೆ ಒಂಚೂರು?"

ಜೇಬಿಗೆ ಒಂಚೂರು ಇಟ್ಟಳು. ಹಳೇ ಕಪ್ಪು ಸುಲು, ಮೇಲೆ ತಿಳಿಗುಲಾಬಿ ಕೋಟು. ತಂಡದ ಮುಖ್ಯಸ್ಥರು ನನ್ನನ್ನು ನೋಡಿ ನಿಟ್ಟುಸಿರಿಟ್ಟು, ಬೇಕೆಂದೇ ಮಾಡಿದ ಹಾಗೆ ಕಾಣಲೆಂದು ಮುಂದಿನ ಕೆಂಪು ಸಾಲಿನ ನಟ್ಟನಡುವೆ ನಿಲ್ಲಿಸಿದರು. ಇಪ್ಪತ್ತೆರಡು ವರ್ಷ ಹಿಂದಿನ ಸಾಲಿನಲ್ಲಿ ಹಾಡಿದ ನಾನು ಮೊದಲ ಸಲ ಮುಂದೆ ನಿಂತೆ. ಜನ ನೋಡಿದರು. ನೋಡಲಿ ಅನ್ನಿಸಿತು. ಹಾಡು ಮುಗಿದ ಮೇಲೆ ಮೂವರು ಅಜ್ಜಿಯರು ಬಂದು ನನ್ನ ತೋಳು ಸವರಿ "ಮದುಮಗನ ಹಾಗಿದೀಯ ಕಣಪ್ಪಾ" ಎಂದರು. ಮನೆಗೆ ಹೋಗುವ ದಾರಿಯಲ್ಲಿ ನಾನು ಸಿಕ್ಕ ಸಿಕ್ಕ ಗಾಜಿನಲ್ಲೆಲ್ಲ ನನ್ನನ್ನು ನೋಡಿಕೊಂಡೆ. (ಎಂಟು ಕಿಟಕಿ, ಎರಡು ಕಾರು.) ಈ ಕೋಟನ್ನು ಇನ್ನು ಪ್ರತಿ ಭಾನುವಾರವೂ ಹಾಕಬೇಕೆಂದು ನಿಶ್ಚಯಿಸಿದೆ.

ಮನೆಗೆ ಬಂದರೆ ಚಾಪೆಯ ಮೇಲೆ ವಾಟಿಸೋನಿ ಕೂತಿದ್ದ. ಈಗ ಶುರುವಾಯಿತು ಗೇಲಿ ಎಂದು ಎದೆ ಗಟ್ಟಿ ಮಾಡಿಕೊಂಡೆ. ಅವನು ನಗಲಿಲ್ಲ. ಎದ್ದು ಬಂದು ಕೋಟಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ, ಜೇಬಿನ ಲೇಸನ್ನು ಮುಟ್ಟಿದ.

"ಭಾವ, ಕೆರೆಕೆರೆ."

ನನ್ನ ಜೀವ ಕಳಚಿ ಕೆಳಗೆ ಬಿತ್ತು. "ಅಲ್ಲ ಭಾವ... ಇದು... ಈ ಬಣ್ಣ ನಮ್ಮಂಥ ಮೈಬಣ್ಣಕ್ಕಲ್ಲ..." ಎಂದು ತೊದಲಿದೆ.

"ನಿಂಗೆ ಒಪ್ಪಿದೆಯಲ್ಲ! ನಾನು ನಿನಗಿಂತ ಕಪ್ಪು, ನಂಗೆ ಇನ್ನೂ ಒಪ್ಪುತ್ತೆ. ಬಿಚ್ಚು ಬಿಚ್ಚು. ನಿನ್ನೆ ಟಿಟಿಲಿಯಾನೇ ಫೋನ್ ಮಾಡಿ ಹೇಳಿದ್ಲು, ನಮ್ಮನೇಲಿ ಒಂದು ಚೆನ್ನಾದ ಕೋಟಿದೆ ಬಾ ಅಂತ."

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಸೌಟು ಹಿಡಿದು ನಿಂತಿದ್ದಳು. "ಕಂಕುಳ ಹತ್ರ ಹೊಲಿಗೆ ಸೂಕ್ಷ್ಮ ರೀ, ನಿಧಾನಕ್ಕೆ ಬಿಚ್ಚಿ" ಎಂದಳು.

ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ. ಮೀನಿನ ತಲೆ ಕೋಟು ತೊಟ್ಟವನ ತಟ್ಟೆಗೆ ಹೋಯಿತು. ಸೋಫಾದ ಮೇಲೆ ದ್ರಾಕ್ಷಿಗೆಂಪು ಲಂಗ ಕೂತಿತ್ತು. ನಾನು ಬನಿಯನ್ನಿನಲ್ಲಿ ಚಾಪೆಯ ಮೇಲೆ ಕೂತು ಬಾಲ ತಿಂದೆ.