ನಲವತ್ತು ದಿನದ ಹೋಳಿಗೆ ಸಾರು

ನಮ್ಮ ಸೋದರಮಾವ ಸಾರನ್ನು ಉಣ್ಣುತ್ತಿರಲಿಲ್ಲ, ಅಡ್ಮಿಟ್ ಮಾಡಿಕೊಳ್ಳುತ್ತಿದ್ದರು! ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯ ಅವರ ಮನೆಯ ಉಗ್ರಾಣಕ್ಕೆ ನೀವೇನಾದರೂ ಕಾಲಿಟ್ಟಿದ್ದರೆ, ಗೋಡೆಯುದ್ದದ ಹಲಗೆಯ ಮೇಲೆ ಸಾಲಾಗಿ ನಿಂತ ಗಾಜಿನ ಗ್ಲುಕೋಸ್ ಬಾಟಲಿಗಳನ್ನು ಕಂಡು, ಮನೆಯಲ್ಲಿ ಯಾರಿಗೋ ಬಹಳ ಸೀರಿಯಸ್ಸಾಗಿದೆ ಎಂದು ತುದಿಗಾಲಲ್ಲಿ ಹೊರಗೆ ಬರುತ್ತಿದ್ದಿರಿ. ಬಾಟಲಿಗಳಲ್ಲಿ ಇದ್ದದ್ದು ಹೋಳಿಗೆ ಸಾರು.

ಮಾವ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರು. ಡಾಕ್ಟರು ಬರೆಯುತ್ತಿದ್ದ ಕೆಂಪು ಮಿಕ್ಸ್ಚರನ್ನು ಕಲಸಿ, ಡೋಸಿನ ಅಳತೆಗೆ ಅಂಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಗೆ ಅಂಟಿಸಿ, ಒಂದು ಹೊತ್ತಿಗೆ ಒಂದು ಗೀಟು ಎಂದು ಹೇಳಿ ಕಳಿಸುವುದು ಅವರ ವೃತ್ತಿ. ಹೋಳಿಗೆ ಸಾರನ್ನು ಅದೇ ಶಿಸ್ತಿಗೆ ಒಳಪಡಿಸುವುದು ಅವರ ಜೀವನದ ಗುರಿ. ಇದರ ಹಿಂದೆ ಒಂದು ಸಿದ್ಧಾಂತವಿತ್ತು. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟು ಬಸಿದು ಮಾಡುವ ಸಾರು ಹಬ್ಬದ ದಿನಕ್ಕಿಂತ ಮರುದಿನ ಹೆಚ್ಚು ರುಚಿ. ಇದನ್ನು ನಮ್ಮ ಸೀಮೆಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮಾವನಿಗೆ ಹೊಳೆದ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ: ಮರುದಿನಕ್ಕೇ ಇಷ್ಟು ರುಚಿಯಾಗುವ ಸಾರು ಮರುತಿಂಗಳಿಗೆ ಎಷ್ಟು ರುಚಿಯಾಗಬೇಡ?

ನಾವು ನೀವಾದರೆ ಇಂಥ ಪ್ರಶ್ನೆ ಬಂದಾಗ ಕೈ ತೊಳೆದು ಮಲಗುತ್ತೇವೆ. ಮಾವ ಆಸ್ಪತ್ರೆಯಿಂದ ಖಾಲಿ ಗ್ಲುಕೋಸ್ ಬಾಟಲಿಗಳನ್ನು ಕೇಳಿ ತಂದರು. ಬಚ್ಚಲಿನ ಹಂಡೆಯಲ್ಲಿ ಅವನ್ನೂ ರಬ್ಬರ್ ಬಿರಡೆಗಳನ್ನೂ ಒಂದು ತಾಸು ಕುದಿಸಿದರು. ಕುದಿಯುವ ಸಾರನ್ನು ಮಲ್ಲು ಬಟ್ಟೆಯಲ್ಲಿ ಸೋಸಿ ತುಂಬಿ, ಬಿರಡೆ ಜಡಿದು, ಮೇಲೆ ಕೆಂಪು ಅರಗು ಕಾಯಿಸಿ ಸುರಿದು, ಹೆಬ್ಬೆರಳನ್ನು ತಣ್ಣೀರಿಗೆ ಅದ್ದಿ ಆ ಅರಗಿನ ಮೇಲೆ ಒತ್ತಿದರು. ಅದು ಅವರ ಮೊಹರು. ಚೀಟಿಯ ಮೇಲೆ, ತೆರೆಯಬೇಕಾದ ತಾರೀಖಿನ ಕೆಳಗೆ, ಬರಹ ಹೀಗಿತ್ತು: ‘ಹೋಳಿಗೆ ಸಾರು. ಚೆನ್ನಾಗಿ ಅಲುಗಾಡಿಸಿ ಉಪಯೋಗಿಸತಕ್ಕದ್ದು. ಹೊರಲೇಪನಕ್ಕಲ್ಲ.’

ಮೊದಲ ಬಾಟಲಿಯ ಪ್ರಯಾಣಕ್ಕೆ ನಾನೇ ಸಾಕ್ಷಿ. ನ್ಯಾಮತಿಯಲ್ಲಿದ್ದ ನಮ್ಮ ಅಮ್ಮನಿಗೆ, ಅಂದರೆ ತಮ್ಮ ಅಕ್ಕನಿಗೆ, ಹನ್ನೆರಡು ದಿನದ ಸಾರು ಉಣಿಸುವ ಆಸೆ ಅವರಿಗೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸುವವರೆಗೆ ಬಾಟಲಿ ಮಾವನ ಮಡಿಲಲ್ಲಿ ಕೂಸಿನಂತೆ ಸುಮ್ಮನಿತ್ತು. ಆಮೇಲೆ ಬಿಸಿಲು ಏರಿತು, ರಸ್ತೆ ಕುಲುಕಿತು. ಬಿರಡೆ ಬಸ್ಸಿನ ಸೂರಿಗೆ ಬಡಿದ ಸದ್ದಿಗೆ ಡ್ರೈವರು ಟೈರು ಹೋಯಿತೆಂದು ಗಾಡಿ ನಿಲ್ಲಿಸಿ ಕೆಳಗಿಳಿದ. ಹಿಂದಿನ ಸೀಟಿನವರ ಬಿಳಿ ಅಂಗಿಗಳು ಬಣ್ಣ ಬದಲಿಸಿದವು. ಕಂಡಕ್ಟರು ಮಾತ್ರ ಗಾಳಿಯಲ್ಲಿ ಮೂಗಾಡಿಸಿ, “ಕೆಟ್ಟೈತೆ ಬಿಡ್ರಿ. ಆದ್ರೂ ಒಗ್ಗರಣಿ ಚೆನ್ನಾಗಿ ಬಿದ್ದಿತ್ತು ನೋಡ್ರಿ” ಎಂದ. ಮಾವ ಆ ಮಾತಿನ ಎರಡನೆಯ ಅರ್ಧವನ್ನಷ್ಟೇ ಕೇಳಿಸಿಕೊಂಡರು.

ವಿಚಿತ್ರ ನಡೆದದ್ದು ಮುಂದೆ. ಎರಡನೆಯ ಬಾಟಲಿಯನ್ನು ಮನೆಯಲ್ಲೇ, ಹದಿನೈದನೆಯ ದಿನ, ಚೀಟಿಯಲ್ಲಿ ಬರೆದ ಮುಹೂರ್ತಕ್ಕೆ ಸರಿಯಾಗಿ ತೆರೆದರು. ಘಮಘಮ! ಮೂರನೆಯದು ಇಪ್ಪತ್ತು ದಿನದ್ದು, ಅದೂ ಅಮೃತ. ಹೊರಗೆ ಕೊಟ್ಟು ಕಳಿಸಿದವು ಮಾತ್ರ ತ್ಯಾವಣಿಗೆಗೆ ಹೋಗಲಿ, ಸವಳಂಗಕ್ಕೆ ಹೋಗಲಿ, ಹುಳಿತು ನೊರೆಯೆದ್ದು ಯಾರದೋ ತಿಪ್ಪೆ ಸೇರುತ್ತಿದ್ದವು. ಮನೆಯಲ್ಲಿ ತೆರೆದದ್ದು ಒಂದೂ ಕೆಡಲಿಲ್ಲ. ಇದಕ್ಕೂ ಮಾವನ ಬಳಿ ವಿವರಣೆ ಸಿದ್ಧವಿತ್ತು: ಸಾರಿಗೆ ಪ್ರಯಾಣ ಒಗ್ಗುವುದಿಲ್ಲ. ನಾವು ತಲೆಯಾಡಿಸಿದೆವು. ಬಿಸಿ ಅನ್ನದ ಮೇಲೆ ಅಂಥ ಸಾರು ಬಿದ್ದಿರುವಾಗ ಸಿದ್ಧಾಂತದಲ್ಲಿ ಹುಳುಕು ಹುಡುಕಲು ಯಾರಿಗೆ ಪುರುಸೊತ್ತು?

ಕೀರ್ತಿ ಹಬ್ಬಿತು. ಸೂಳೆಕೆರೆಯ ಕಡೆಯವರೊಬ್ಬರು ಬಂದು, ಮೀನಿನ ಸಾರನ್ನೂ ಹೀಗೆ ಇಡಲು ಬರುತ್ತದೆಯೇ ಎಂದು ವಿನಯದಿಂದ ವಿಚಾರಿಸಿದರು. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಮಾವ ಅವರಿಗೆ ಚಹಾ ಕೊಟ್ಟು ಕಳಿಸಿ, ಉಗ್ರಾಣದ ಖಾಲಿ ಬಾಟಲಿಗಳನ್ನೆಲ್ಲ ಇನ್ನೊಮ್ಮೆ ಕುದಿಸಿದರು. ಬರೀ ಕೇಳಿದ್ದಕ್ಕೆ!

ಆ ಹೊತ್ತಿಗೆ ನನಗೆ ಚನ್ನಗಿರಿಯಲ್ಲೇ ಮೇಷ್ಟ್ರ ಕೆಲಸ ಸಿಕ್ಕಿ, ಮಾವನ ಮನೆಯ ಪಡಸಾಲೆಯ ಕೋಣೆಗೆ ಬಂದು ಬಿದ್ದಿದ್ದೆ. ಎರಡು ಸಂಗತಿ ಕಣ್ಣಿಗೆ ಬಿದ್ದವು. ಒಂದು, ತೆರೆದ ಬಾಟಲಿಯ ಅರಗಿನ ಬಿಲ್ಲೆಯನ್ನು ಮಾವ ಎಸೆಯದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅರಗಿನಲ್ಲೂ ಇಷ್ಟು ಜಿಪುಣತನವೇ ಎಂದು ನಾನು ಒಳಗೇ ನಕ್ಕಿದ್ದೇನೆ. ಇನ್ನೊಂದು, ನಮ್ಮ ಅತ್ತೆ ಯಾವ ಹಬ್ಬವೂ ಇಲ್ಲದ ದಿನ ಅಕ್ಕಪಕ್ಕದ ಮನೆಗಳಿಗೆ ಹೋಳಿಗೆ ಹಂಚುತ್ತಿದ್ದರು. ಓಣಿಯ ಹೆಂಗಸರು ಅವರನ್ನು ಧರ್ಮಾತ್ಮಳೆಂದು ಹೊಗಳುತ್ತಿದ್ದರು. ಇವೆರಡನ್ನೂ ಜೋಡಿಸಿ ನೋಡುವ ಬುದ್ಧಿ, ಮಕ್ಕಳಿಗೆ ಗಣಿತ ಹೇಳುತ್ತಿದ್ದ ನನಗೆ ಬರಲಿಲ್ಲ.

ಗಂಡಾಂತರ ಬಂದದ್ದು ಜಗಳೂರಿನ ಕಡೆಯಿಂದ. ಮಾವನ ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಬೀಗರು ಶೇಂಗಾ ವ್ಯಾಪಾರಿ. ಕಾಳನ್ನು ಒಡೆದು ನೋಡದೆ ಯಾವುದನ್ನೂ ನಂಬದ ಮನುಷ್ಯ. ಸಾರಿನ ಸುದ್ದಿ ಕೇಳಿ ನಾಲ್ಕು ಜನರ ಮುಂದೆ ನಕ್ಕರಂತೆ. ಮಾವ ಯುಗಾದಿಗೆ ಒಂದು ಬಾಟಲಿ ಮುಚ್ಚಿ, ನಲವತ್ತನೆಯ ದಿನ ತಮ್ಮ ಸಮ್ಮುಖದಲ್ಲೇ ತೆರೆಯಲಾಗುವುದು, ದಯಮಾಡಿಸಬೇಕು ಎಂದು ಲಗ್ನಪತ್ರಿಕೆಯ ಧಾಟಿಯಲ್ಲಿ ಕಾರ್ಡು ಬರೆದರು. ಬೀಗರು ಒಪ್ಪಿದರು. ಸಾರು ಕೆಟ್ಟರೆ ಕೆಡುವುದು ಸಾರೊಂದೇ ಅಲ್ಲ; ಜಗಳೂರಿನಲ್ಲಿ ಮಗಳು ಜೀವಮಾನವಿಡೀ ‘ಹುಳಿ ಸಾರಿನವರ ಮನೆಯಾಕಿ’ ಆಗಿ ಬದುಕಬೇಕು.

ಅಷ್ಟರಲ್ಲಿ ಅತ್ತೆಗೆ ದಾವಣಗೆರೆಯಲ್ಲಿ ಕಣ್ಣಿನ ಪೊರೆ ತೆಗೆದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಒಲೆಯ ಹತ್ತಿರ ಸುಳಿಯಕೂಡದೆಂದು ಅಪ್ಪಣೆಯಾಗಿತ್ತು. ಬೇಸಿಗೆ ರಜೆಯಾದ್ದರಿಂದ ನಾನು ಊರಿಗೆ ಹೋಗದೆ ಅವರನ್ನು ನೋಡಿಕೊಂಡಿದ್ದೆ. ಬೀಗರು ಬರುವ ಹಿಂದಿನ ದಿನ, ಮಾವ ಆಸ್ಪತ್ರೆಗೆ ಹೋದ ಮೇಲೆ, ಅತ್ತೆ ಮಂಚದ ಮೇಲಿಂದ ನನ್ನನ್ನು ಕರೆದರು.

“ಬಾಗ್ಲು ಹಾಕಪ್ಪ. ಉಗ್ರಾಣದಾಗಿನ ಆ ಬಾಟ್ಲಿ ತಂದು ಬಿರಡೆ ತಗಿ.”

“ಅತ್ತೇ, ಅದು ನಾಳೆ ತಗಿಯೋದು.”

“ತಗಿ ಅಂದ್ನೆಲ್ಲ.”

ತೆಗೆದೆ. ಬಂದ ವಾಸನೆಯನ್ನು ವರ್ಣಿಸುವುದು ಸಭ್ಯತೆಯಲ್ಲ. ಅಟ್ಟದ ಮೇಲೆ ಮಲಗಿದ್ದ ಬೆಕ್ಕು ಮನೆ ಬಿಟ್ಟು ಹೋಯಿತು.

“ಇದೇನೂ ಹೊಸಾದಲ್ಲ ಬಿಡು,” ಎಂದರು ಅತ್ತೆ. “ಎಲ್ಲಾವೂ ಹಿಂಗೇ ಆಗ್ತಾವೆ. ಆ ಬಸ್ಸಿನಾಗೆ ಸಿಡೀತಲ್ಲ, ಅವತ್ತು ಅವ್ರು ಮನಿಗೆ ಬಂದ ಮಕ ನೀನು ನೋಡ್ಲಿಲ್ಲ. ನನಗೆ ನೋಡಾಕೆ ಆಗ್ಲಿಲ್ಲ. ಅವತ್ತಿಂದ ತಗಿಯೋ ಹಿಂದಿನ ದಿನ ನಾನೇ ಚೆಲ್ಲಿ, ಹೊಸಾದು ಮಾಡಿ ತುಂಬಿಡ್ತೀನಿ. ಊರ್ಣ ಉಳಿತೈತೆ, ಹೋಳಿಗಿ ಮಾಡಿ ಓಣಿಗೆ ಹಂಚ್ತೀನಿ.”

ನಾನು ಬಾಟಲಿಯನ್ನು ಬಚ್ಚಲಿಗೆ ಚೆಲ್ಲಿ ತೊಳೆದು ತಂದೆ. ಅಂದರೆ ಮಾವನ ಸಿದ್ಧಾಂತ ಅಕ್ಷರಶಃ ನಿಜವಾಗಿತ್ತು! ನಾವು ಇಷ್ಟು ವರ್ಷ ಚಪ್ಪರಿಸಿದ್ದು ನಿಜಕ್ಕೂ ಮರುದಿನದ ಸಾರನ್ನೇ.

ಅತ್ತೆ ಮಂಚದ ಮೇಲಿಂದ ಹೇಳುತ್ತ ಹೋದರು, ನಾನು ಅಡುಗೆಮನೆಯಲ್ಲಿ ಮಾಡುತ್ತ ಹೋದೆ. ಬೇಳೆ ಬೇಯಿಸಿದೆ, ಕಟ್ಟು ಬಸಿದೆ, ಹುಣಸೆ ಕಿವುಚಿದೆ, ಮಸಾಲೆ ರುಬ್ಬಿದೆ. ಉಪ್ಪನ್ನು ನಾನಾಗಿಯೇ ಒಮ್ಮೆ ಹಾಕಿದೆ. ಅವರು ಹೇಳಿದಾಗ ವಿಧೇಯತೆಯಿಂದ ಮತ್ತೊಮ್ಮೆ ಹಾಕಿದೆ. ಸೋಸಿ ತುಂಬಿ, ಅರಗು ಸುರಿದು, ಹೆಬ್ಬೆರಳು ಒತ್ತಿದೆ. ಬೆರಳನ್ನು ನೀರಿಗೆ ಅದ್ದುವುದು ಮರೆತಿದ್ದರಿಂದ ಚರ್ಮವೂ ಸ್ವಲ್ಪ ಅಲ್ಲೇ ಉಳಿಯಿತು.

ಮರುದಿನ ಬೀಗರು ಎಲೆಯ ಮುಂದೆ ನ್ಯಾಯಾಧೀಶರಂತೆ ಕುಳಿತರು. ಮಾವ ಬಾಟಲಿಯನ್ನು ಎರಡೂ ಕೈಯಲ್ಲಿ ತಂದು, ಅರಗಿನ ಮೇಲೆ ಕಣ್ಣಿಟ್ಟು, ಒಂದು ಗಳಿಗೆ ನಿಂತರು. ಆಮೇಲೆ ಎಂದಿನಂತೆ ಬಿಲ್ಲೆ ಎಬ್ಬಿಸಿ ಜೇಬಿಗೆ ಹಾಕಿಕೊಂಡು ಸಾರು ಬಡಿಸಿದರು. ಬೀಗರು ಒಂದು ತುತ್ತು ಉಂಡರು. ಹುಬ್ಬು ಮೇಲೆ ಹೋದವು, ಕೆಳಗೆ ಬರಲು ತಡವಾಯಿತು. ಒಂದು ಚೊಂಬು ನೀರು ಕುಡಿದರು.

“ಕೆಟ್ಟಿಲ್ರಿ ಬೀಗ್ರೆ, ಒಪ್ಪಿಕೊಂತೀನಿ. ಆದ್ರೆ ಉಪ್ಪು ಹೆಂಗೆ ಹೆಚ್ಚಾತು?”

ಮಾವ ಕನ್ನಡಕ ಸರಿಮಾಡಿಕೊಂಡು, ದಿನ ಕಳೆದಂತೆ ನೀರಿನಂಶ ಆರಿ ಉಪ್ಪು ಉಳಿಯುತ್ತದೆ ಎಂದು ಗಂಭೀರವಾಗಿ ವಿವರಿಸಿದರು. ಅರಗು ಹಾಕಿ ಮುಚ್ಚಿದ ಬಾಟಲಿಯಿಂದ ನೀರು ಯಾವ ದಾರಿಯಲ್ಲಿ ಆರೀತೆಂದು ಬೀಗರು ಕೇಳಲಿಲ್ಲ. ಇನ್ನೊಂದು ಚೊಂಬು ಕುಡಿಯುತ್ತಿದ್ದರು.

ಬೀಗರು ಅಡ್ಡಾದ ಮೇಲೆ ಮಾವ ನನ್ನನ್ನು ಹಿತ್ತಿಲಿಗೆ ಕರೆದರು. ಜೇಬಿನಿಂದ ಬಿಲ್ಲೆ ತೆಗೆದು, ನನ್ನ ಬೊಬ್ಬೆಯೆದ್ದ ಹೆಬ್ಬೆರಳನ್ನು ಹಿಡಿದು ಅದರ ಗುಳಿಯಲ್ಲಿಟ್ಟರು. ಸರಿಯಾಗಿ ಕೂತಿತು.

“ಉಪ್ಪು ಎಲ್ಡು ಸಲ ಹಾಕೀರೇನು ಮೇಷ್ಟ್ರೇ?”

ಮಾವ ಬಚ್ಚಲ ಗೂಡಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ತುಂಬ ಅರಗಿನ ಬಿಲ್ಲೆಗಳು. ಒಂದೊಂದರಲ್ಲೂ ಒಂದು ಸಣ್ಣ ಹೆಬ್ಬೆರಳ ಗುರುತು. ಆ ಗುರುತಿಗೆ ಅಡ್ಡಲಾಗಿ ಒಂದು ಗೀರು. ಅತ್ತೆಯ ಬೆರಳಿಗೆ ಎಂದೋ ಈಳಿಗೆಮಣೆ ತಾಗಿ ಉಳಿದ ಗೀರು.

“ಎಲ್ಡನೇ ಬಾಟ್ಲಿಗೇ ಗೊತ್ತಾತು,” ಎಂದರು. “ನಿಲ್ಲಿಸಿದ್ರೆ ಯಾಕ್ರೀ ನಿಲ್ಸಿದ್ರಿ ಅಂತ ಕೇಳ್ತಾಳೆ. ಏನಂತ ಹೇಳ್ಲಿ? ಅಕಿ ನನಗೆ ಗೊತ್ತಿಲ್ಲ ಅಂತ ತಿಳಕೊಂಡಾಳೆ. ಹಂಗೇ ಇರ್ಲಿ. ನೀನೂ ಬಾಯಿ ಬಿಡಬ್ಯಾಡ.”

ನನ್ನ ಬಿಲ್ಲೆಯನ್ನು ಮಾತ್ರ ಡಬ್ಬಿಗೆ ಸೇರಿಸಲಿಲ್ಲ. ಬಚ್ಚಲ ಒಲೆಗೆ ಎಸೆದರು.

ಆಮೇಲೆ ಉಳಿದ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಅತ್ತೆಯ ಮಂಚದ ಹತ್ತಿರ ಹೋಗಿ ಕುಳಿತರು. ಅತ್ತೆ ತಡವರಿಸಿ ಲೋಟ ಹಿಡಿದುಕೊಂಡು, ಬೀಗರು ಏನಂದರೆಂದು ಕೇಳಿದರು. ಒಪ್ಪಿದರು ಎಂದರು ಮಾವ. ಅತ್ತೆ ಒಂದು ಗುಟುಕು ಕುಡಿದರು. ಉಪ್ಪು ನಾಲಿಗೆಗೆ ತಾಗಿರಲೇಬೇಕು. ಪಟ್ಟಿ ಕಟ್ಟಿದ ಮುಖವನ್ನು ಒಂದಿಷ್ಟೂ ಕಿವುಚಲಿಲ್ಲ.

“ಚೆನ್ನಾಗೈತ್ರಿ,” ಎಂದರು. “ನಿಮ್ಮ ಕೈ ಅಂದ್ರೆ ಕೈ.”

ಮಾವ ಲೋಟ ಇಸಿದುಕೊಳ್ಳಲು ಕೈ ಚಾಚಿದರು. ಅವರ ಬೆರಳು ಆ ಗೀರಿನ ಹೆಬ್ಬೆರಳ ಮೇಲೆ ಬಂದು ಅಲ್ಲೇ ನಿಂತಿತು. ಹೆಚ್ಚು ಹೊತ್ತೇನಲ್ಲ, ಸುರಿದ ಅರಗು ಆರುವಷ್ಟು ಹೊತ್ತು.