ಕೊನೆಯ ಸಾಲು

ಶಿವರಾಮನಿಗೆ ಆ ಜಪಾನಿ ಹಾಡಿನ ಕೊನೆಯ ಸಾಲು ಇನ್ನೂ ದಕ್ಕಿರಲಿಲ್ಲ. ಹಾಡು ಇದ್ದದ್ದು ನಾಲ್ಕೇ ನಿಮಿಷ. ಆದರೆ ಸಾಗರದ ಶವವಾಹನದ ಡ್ರೈವರಿಗೆ ನಾಲ್ಕು ನಿಮಿಷ ಪುರುಸೊತ್ತು ಕೊಡುವಷ್ಟು ಯಮ ಉದಾರಿಯಲ್ಲ. ಮೂರನೆಯ ನಿಮಿಷಕ್ಕೆ ಸರಿಯಾಗಿ ಫೋನು ಬರುತ್ತಿತ್ತು.

ಹಾಡು ಕಳಿಸಿದ್ದು ಶಿವಮೊಗ್ಗದಲ್ಲಿ ನರ್ಸಿಂಗ್ ಓದುವ ಮಗಳು ಧನ್ಯಶ್ರೀ. "ಅಪ್ಪಾ, ಇವಳೇ ಬರೆದು, ಇವಳೇ ರಾಗ ಹಾಕಿ, ಇವಳೇ ಹಾಡಿದ್ದು. ಕೊನೆ ಸಾಲು ಕೇಳಿ, ಆಮೇಲೆ ಹೇಳಿ" ಅಂದಿದ್ದಳು. ಬರೆದವರೇ ಹಾಡುವುದು ದಾಸರ ಕಾಲಕ್ಕೇ ಮುಗಿಯಿತು ಅಂದುಕೊಂಡಿದ್ದವನಿಗೆ ಕೈಮುಗಿಯುವ ಹಾಗಾಯಿತು. ಒಂದಕ್ಷರ ತಿಳಿಯದು. ಆದರೂ ಎರಡು ಗಿಡ್ಡ ಸಾಲು ನಡೆದು, ಮೂರನೆಯದರಲ್ಲಿ ದನಿ ಉದ್ದಕ್ಕೆ ಹರಿದು ನಿಲ್ಲುವ ಬಗೆ ಅಜ್ಜ ದೀಪದ ಮುಂದೆ ಓದುತ್ತಿದ್ದ ಷಟ್ಪದಿಯದೇ. ಬೆರಳಲ್ಲಿ ಜಾರಿಸಿ ನೇರ ಕೊನೆಗೇ ಹೋಗಬಹುದಿತ್ತು. ಆದರೆ ಪದ್ಯವನ್ನು ನಡುವಿನಿಂದ ಓದಿದರೆ ಅಜ್ಜ ಕಿವಿ ಹಿಂಡುತ್ತಿದ್ದರು. ಐವತ್ತು ದಾಟಿದರೂ ಆ ಕಿವಿ ಅದನ್ನು ಮರೆತಿರಲಿಲ್ಲ.

ಆ ಬೆಳಿಗ್ಗೆಯೂ ಗಾಡಿಯಲ್ಲಿ ಕೂತು ಹಾಡು ಹಾಕಿದ್ದ. ಫೋನು ಬಂತು. ಶವವಾಹನ ಸಮಿತಿಯ ನಿರಂಜನ. "ಮಹಾಗಣಪತಿ ಮಾಸ್ತರು ಹೋದ್ರು. ಬೇಗ ಹೊರಡು ಮಾರಾಯ."

ಮಾಸ್ತರ ಹೆಣ ಏರಿಸಿ ಚಾವಿ ತಿರುಗಿಸಿದ್ದೇ ತಡ, ಫೋನಿಗೂ ಗಾಡಿಗೂ ಇದ್ದ ಬ್ಲೂಟೂತ್ ನಂಟು ಎಚ್ಚರಗೊಂಡಿತು. ಮೇಲಿನ ಸ್ಪೀಕರಿನಲ್ಲಿ ಭಜನೆಯ ಬದಲು ಜಪಾನಿನ ಹೆಣ್ಣುದನಿ ಮೊದಲಿನಿಂದ ಎತ್ತಿಕೊಂಡಿತು. ಶಿವರಾಮ ಫೋನಿಗಾಗಿ ಜೇಬು ತಡಕಾಡಿದ.

"ಎಂತ ಇದು? ಹೆಣದ ಮುಂದೆ ಸಿನಿಮಾ ಹಾಡಾ?" ಎಂದ ಮಾಸ್ತರ ಮಗ ಪ್ರದೀಪ.

"ಪಾಳಿ ಭಾಷೆ ಇರ್ಬೇಕು," ಎಂದರು ಪಕ್ಕದ ಮನೆಯವರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದು ಅವರಿಗೆ ಅಭ್ಯಾಸವಿರಲಿಲ್ಲ.

ಶಿವರಾಮ ನಿಲ್ಲಿಸಲು ಕೈಚಾಚಿದಾಗ, ನಸುಕಿನಿಂದ ಕಲ್ಲಾಗಿ ಕೂತಿದ್ದ ಮಾಸ್ತರ ಹೆಂಡತಿ ವರದಮ್ಮ "ನಿಲ್ಸಡಿ, ಹಾಡು ಇರ್ಲಿ" ಎಂದರು. ಅಂದವರೇ ಅತ್ತರು. ಅವರು ಅತ್ತದ್ದು ನೋಡಿ ಬೀದಿಯೇ ಅತ್ತಿತು. ಮಾಸ್ತರ ಬೆತ್ತದ ಪೆಟ್ಟು ತಿಂದು ಈ ದಿನಕ್ಕೇ ಕಾಯುತ್ತಿದ್ದವರೂ ಮೂಗು ಒರೆಸಿಕೊಂಡರು. ಹಾಡು ಕೊನೆಯ ಸಾಲಿನ ಹೊಸಿಲಿಗೆ ಬರುವಾಗ ಸ್ಮಶಾನದ ಗೇಟೂ ಬಂತು. ಎಂಜಿನ್ ನಿಂತಿತು, ಹಾಡೂ.

ಯಾರೋ ವಿಡಿಯೊ ಮಾಡಿದ್ದರು. ಮಧ್ಯಾಹ್ನದೊಳಗೆ ಅದು ಊರಿನ ವಾಟ್ಸ್ಯಾಪ್ ಗುಂಪುಗಳನ್ನೆಲ್ಲ ಸುತ್ತಿ, 'ಸಾವಿನ ಹಾಡು' ಎಂಬ ನಾಮಕರಣವನ್ನೂ ಮುಗಿಸಿಕೊಂಡಿತ್ತು. ಆನಂದಪುರದ ಬೆಳ್ಳಪ್ಪನ ಹೆಣ ಸಾಗಿಸಲು ಹೋದಾಗ ಅವನ ಮಗ ಗೌತಮ್ ಗಾಡಿಗೆ ಅಡ್ಡ ನಿಂತ.

"ಮಾಸ್ತರಿಗೆ ಹಾಕಿದ ಹಾಡು ನಮ್ಮಪ್ಪಂಗೂ ಹಾಕ್ಬೇಕು. ನಮ್ಮಪ್ಪ ಏನ್ ಕಮ್ಮಿ ಸತ್ತಿದಾನಾ?"

ಶಿವರಾಮ ಒಳಗೊಳಗೇ ಹಿಗ್ಗಿದ. ಹಾಡು ಮುಗಿಯಲೆಂದು ಎತ್ತಿನಗಾಡಿಗಿಂತ ನಿಧಾನ ಓಡಿಸಿದ. "ಎಂಥಾ ಭಕ್ತಿ ನೋಡು," ಎಂದರು ಜನ. ಮೂರನೆಯ ನಿಮಿಷಕ್ಕೆ ಬೆಳ್ಳಪ್ಪನ ತಂಗಿ ಯಮುನಮ್ಮ ಎಲ್ಲಿಂದಲೋ ಓಡಿಬಂದು, "ಅಣ್ಣನ ಮುಖ ಒಂದ್ಸಲ ತೋರಿಸ್ರೋ" ಎಂದು ಬಾನೆಟ್ಟಿನ ಮೇಲೆ ಬಿದ್ದಳು. ಎಂಜಿನ್ ನಿಂತಿತು. ಮತ್ತೆ ಹೊರಟಾಗ ಹಾಡು ಮೊದಲಿನಿಂದ. ಸ್ಮಶಾನ ಎರಡೇ ನಿಮಿಷದ ದೂರ.

ಸಂಜೆ ನಾಲ್ಕಕ್ಕೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡ. ಹೆಂಡತಿ ಕುಮುದಾ ತೀರ್ಥಹಳ್ಳಿಯ ತವರಿಗೆ ಹೋಗಿದ್ದಳು. ಜಗಲಿಯಲ್ಲಿ ಚಾಪೆ ಹಾಸಿ ಮಲಗಿ, ಫೋನನ್ನು ಎದೆಯ ಮೇಲಿಟ್ಟು ಹಾಡು ಗಟ್ಟಿಯಾಗಿ ಹಾಕಿ, ಕೈ ಜೋಡಿಸಿ ಕಣ್ಣು ಮುಚ್ಚಿದ. ಒಂದು ಸ್ವರವೂ ತಪ್ಪಬಾರದೆಂದು ಉಸಿರನ್ನೂ ಸಣ್ಣದು ಮಾಡಿಕೊಂಡ.

ಒಂದು ನಿಮಿಷ. ಎರಡು. ಗೇಟು ಕಿರ್ರೆಂದಿತು. ಹೆಜ್ಜೆಗಳು, ಪಿಸುಮಾತು, ಪಕ್ಕದ ಮನೆಯ ಸರೋಜಮ್ಮನ ಅಳು: "ಬೆಳಿಗ್ಗೆ ಚೆನ್ನಾಗೇ ಇದ್ರಲ್ರೀ! ಆ ಹಾಡು ಕೇಳ್ತು, ಓಡಿ ಬಂದೆ. ಪಾಪ, ಹೆಂಡ್ತಿಗೆ ಹೆಂಗೆ ಹೇಳೋದು?"

ಬೀದಿಯಲ್ಲಿ ಯಾರೋ ಹೋದರೇನೋ, ಅಂದುಕೊಂಡ ಶಿವರಾಮ. ಹೋದವರಿಗೇನು ಅವಸರ, ಒಂದು ನಿಮಿಷ ಕಾಯಲಿ. ಕಣ್ಣು ತೆರೆಯಲಿಲ್ಲ. ಎರಡು ಗಿಡ್ಡ ಸಾಲು ಮುಗಿದವು. ಹಾಡುಗಾತಿ ಉಸಿರೆಳೆದುಕೊಂಡಳು.

ಫೋನು ಬಡಿದುಕೊಂಡಿತು. ಹಾಡು ಕಡಿದುಹೋಯಿತು.

ಶಿವರಾಮ ಕೈಯೆತ್ತಿದ್ದೇ ಜಗಲಿ ತುಂಬ ಚೀರಾಟವೆದ್ದಿತು. ಸರೋಜಮ್ಮನ ಕೈಯ ತುಳಸಿನೀರು ಅವನ ಮೂಗಿನೊಳಗೆ ಹೋಯಿತು. ಕೆಮ್ಮುತ್ತಲೇ ಫೋನನ್ನು ಕಿವಿಗಿಟ್ಟ.

"ಗಾಡಿ ತಗೊಂಡು ಹೊರಡು ಮಾರಾಯ," ಎಂದ ನಿರಂಜನ. "ನಿಮ್ಮ ಬೀದೀನೇ, ನೀಲಿ ಗೇಟಿನ ಮನೆ. ಸರೋಜಮ್ಮ ಅಳ್ತಾ ಹೇಳಿದ್ರು, ಹೆಸರು ಕೇಳಿಸ್ಲಿಲ್ಲ. ಯಾರೋ ಡ್ರೈವರ್ ಅಂತೆ, ಪಾಪ."

ಶಿವರಾಮ ತನ್ನ ನೀಲಿ ಗೇಟನ್ನೇ ನೋಡುತ್ತ ಕೂತ.

"ಕೇಳ್ತಾ? ಆ ಹಾಡು ಹಾಕ್ಕೊಂಡೇ ಬಾ. ಈ ಸಲನಾದ್ರೂ ಪೂರ್ತಿ ಕೇಳ್ಬೇಕಂತೆ ಜನಕ್ಕೆ."