ಮಾವನ ಎರಡು ಬಾಗಿಲಿನ ಸಂಸಾರ

ನಮ್ಮ ಸೋದರಮಾವ ಕತಾರಿನಲ್ಲಿ ಇನ್ನೊಂದು ಸಂಸಾರ ಇಟ್ಟಿದ್ದಾರೆಂದು ಮೈಸೂರಿನಲ್ಲಿರುವ ನಮ್ಮತ್ತೆ ಬಹಳ ದಿನ ನಂಬಿದ್ದರು. ಅದು ಪೂರ್ತಿ ಸುಳ್ಳೇನಲ್ಲ. ಆಕೆಗೆ ಎರಡು ಬಾಗಿಲು, ಎಂಟು ಸಿಲಿಂಡರು. ಹುಟ್ಟಿದ್ದು ಅಮೆರಿಕದಲ್ಲಿ, ನಮ್ಮಮ್ಮ ಹುಟ್ಟುವುದಕ್ಕೂ ಮೂರು ವರ್ಷ ಮೊದಲು. ಉದ್ದ ಮೂತಿ, ಮೋಟು ಬಾಲ. ಹಿಂದಿನ ಸೀಟಿನಲ್ಲಿ ಇಬ್ಬರು ಕೂರಬಹುದೆಂದು ಮಾಡಿದವರು ಹೇಳಿದ್ದರಂತೆ. ಆ ಇಬ್ಬರಿಗೆ ಕಾಲುಗಳಿರಬಾರದೆಂದು ಮಾತ್ರ ಹೇಳಿರಲಿಲ್ಲ. ನಾಲ್ಕು ವರ್ಷಗಳಿಂದ ಮಾವ ತಮ್ಮ ರಜೆಯ ಎಲ್ಲ ಶುಕ್ರವಾರಗಳನ್ನೂ ಆಕೆಗೇ ಮೀಸಲಿಟ್ಟಿದ್ದರು. ಇದಕ್ಕೆ ಇನ್ನೊಂದು ಸಂಸಾರ ಅನ್ನದೆ ಮತ್ತೇನನ್ನುವುದು?

ಇಷ್ಟು ಪ್ರೀತಿಸುವ ಮನುಷ್ಯನಿಗೆ ಕಾರು ಓಡಿಸಲು ಬರುತ್ತದೆಂದು ನೀವು ಭಾವಿಸಿದ್ದರೆ ತಪ್ಪು ನಿಮ್ಮದಲ್ಲ. ಮಾವನಿಗೆ ಲೈಸೆನ್ಸೇ ಇರಲಿಲ್ಲ. ಕತಾರಿನ ಡ್ರೈವಿಂಗ್ ಟೆಸ್ಟಿನಲ್ಲಿ ಒಂದೆರಡು ಸಲ ಫೇಲಾಗುವುದು ನಮ್ಮವರ ನಡುವೆ ಅವಮಾನದ ಸಂಗತಿಯಲ್ಲ. ಮಾವ ಐದು ಸಲ ಫೇಲಾದವರು. ಐದನೆಯ ಸಲವಂತೂ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಎಡಗಡೆಯ ಕನ್ನಡಿಯಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಬರೆದುಕೊಳ್ಳಿ ಎಂದು ಪರೀಕ್ಷಕರಿಗೆ ಹೇಳಿದರಂತೆ. ಪರೀಕ್ಷಕರು ಬರೆದುಕೊಂಡರು. ಕನ್ನಡಿಯ ಬಗ್ಗೆ ಅಲ್ಲ.

ಇದು ಅವರ ಕೆಲಸ ಅಂಟಿಸಿದ ರೋಗ. ಮೊದಲು ದೋಹಾದ ಹಳೇ ಬಂದರು, ಆಮೇಲೆ ಹಮದ್ ಬಂದರು, ಒಟ್ಟು ಇಪ್ಪತ್ತೆರಡು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಕಂಟೇನರ್ ತೆಗೆಸಿ, ಒಳಗಿನ ಸರಕನ್ನು ಪಟ್ಟಿಯೊಂದಿಗೆ ತಾಳೆ ನೋಡಿ, ‘ಹೆಚ್ಚು, ಕಡಿಮೆ, ಜಖಂ’ ಎಂಬ ಮೂರು ಕಾಲಂ ತುಂಬುವುದು. ಬರಬರುತ್ತಾ ಅವರಿಗೆ ಇಡೀ ಜಗತ್ತೇ ಆ ಮೂರು ಕಾಲಮ್ಮುಗಳಲ್ಲಿ ಕಾಣತೊಡಗಿತು. ಹೋಟೆಲಿನಲ್ಲಿ ಚಟ್ನಿ ಕಡಿಮೆ, ವಡೆ ಜಖಂ. ದೋಹಾದ ವೆಸ್ಟ್ ಬೇಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿ ನಾನು ಮೊದಲ ಸಲ ಇಲ್ಲಿಗೆ ಬಂದಿಳಿದಾಗ, ನಾಲ್ಕು ವರ್ಷದ ಮೇಲೆ ನೋಡಿದ ಸೋದರ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿ ಅವರು ಹೇಳಿದ್ದು ಇಷ್ಟೇ: “ಲಗೇಜು ಹೆಚ್ಚು, ತೂಕ ಕಡಿಮೆ. ಜಖಂ ಏನಿಲ್ಲ. ಯಲ್ಲಾ, ನಡಿ.”

ಕಾರು ಅವರ ಕೈಗೆ ಬಂದದ್ದು ಕೆಲಸ ಬಿಟ್ಟು ಹೊರಟಿದ್ದ ಸಹೋದ್ಯೋಗಿಯೊಬ್ಬರಿಂದ. ಆಗ ಅದು ಇಟ್ಟಿಗೆಗಳ ಮೇಲೆ ಕೂತಿತ್ತು; ಬಾನೆಟ್ಟಿನೊಳಗೆ ಬೆಕ್ಕೊಂದು ಮೂರು ಮರಿ ಹಾಕಿತ್ತು. ಮರಿಗಳು ಓಡಾಡುವಷ್ಟು ದೊಡ್ಡವಾಗುವ ತನಕ ಕಾದು, ಮಾವ ಅದನ್ನು ರಿಕವರಿ ಲಾರಿಯ ಮೇಲೆ ಹೇರಿಸಿಕೊಂಡು ಇಂಡಸ್ಟ್ರಿಯಲ್ ಏರಿಯಾಕ್ಕೆ ತಂದರು. ಅಲ್ಲಿ ಅಶ್ರಫ್ ಎಂಬ ಮಲಯಾಳಿ ಮೆಕ್ಯಾನಿಕ್‌ನ ಗ್ಯಾರೇಜು. ಅದರ ಹಿಂದಿನ ಮೂಲೆಯಲ್ಲಿ ಮಾವ ಬಂದರಿನ ಶಿಸ್ತಿನಲ್ಲೇ, ವರ್ಷಗಟ್ಟಲೆ, ಶುಕ್ರವಾರಕ್ಕೆ ಇಷ್ಟಿಷ್ಟೇ ಕಾರನ್ನು ಬಿಚ್ಚಿದರು. ಒಂದೊಂದು ಭಾಗಕ್ಕೂ ಒಂದೊಂದು ಪ್ಲಾಸ್ಟಿಕ್ ಚೀಲ, ಚೀಲಕ್ಕೊಂದು ಚೀಟಿ. ಕಾರು ಕಾಣೆಯಾಗಿ ಇನ್ನೂರಕ್ಕೂ ಹೆಚ್ಚು ಚೀಲಗಳಾದ ಮೇಲೆ ಅಶ್ರಫ್ ಒಂದು ಚೀಲ ಎತ್ತಿ ಚೀಟಿ ನೋಡಿದ. ಅದು ಕನ್ನಡದಲ್ಲಿತ್ತು. ಅಂಕಿಗಳೂ ಕನ್ನಡದ್ದೇ.

ಯಾಕೆ ಹೀಗೆ ಮಾಡಿದಿರಿ ಎಂದು ನಾನು ಆಮೇಲೆ ಕೇಳಿದೆ. ಅಕ್ಕಪಕ್ಕದ ಗ್ಯಾರೇಜಿನವರು ಬೋಲ್ಟು ಎತ್ತಿಕೊಂಡು ಹೋಗಬಾರದಲ್ಲ, ಓದಲು ಬಂದರೆ ತಾನೆ ಎತ್ತುವುದು ಎಂದರು. ಬೋಲ್ಟು ಕದಿಯುವವರು ಮೊದಲು ಚೀಟಿ ಓದುತ್ತಾರೆಂದು ನಂಬಿದ್ದ ಮನುಷ್ಯ ಕೊಲ್ಲಿಯಲ್ಲೆಲ್ಲ ಇವರೊಬ್ಬರೇ ಇರಬೇಕು.

ಹೀಗಾಗಿ ಶುಕ್ರವಾರಗಳಲ್ಲಿ ಅಶ್ರಫನಿಗೆ ಚೀಟಿ ಓದಿ ಹೇಳುವ ಉದ್ಯೋಗ ನನಗೆ ಬಂತು. ಭಾಷೆ ಒಂದೇ ತೊಡಕಾಗಿದ್ದರೆ ಸುಲಭವಿತ್ತು. ಮಾವನಿಗೆ ಬಿಡಿಭಾಗಗಳ ಹೆಸರು ಗೊತ್ತಿರಲಿಲ್ಲ. ಹೆಸರು ಮರೆತುಹೋಗುತ್ತದೆ, ಆಕಾರ ಮರೆಯುವುದಿಲ್ಲ ಎಂಬ ಸಿದ್ಧಾಂತದ ಮೇಲೆ ಅವರು ಬರೆದದ್ದು ಹೀಗೆ: ‘ಶಾವಿಗೆ ಒರಳಿನ ಬಿಲ್ಲೆ, ಇಂಜಿನ್ನಿನ ಎಡ ಕಿವಿ ಹತ್ತಿರ.’ ‘ಒಗ್ಗರಣೆ ಸೌಟು, ಹಿಡಿ ಮುರಿದದ್ದು.’ ‘ಕುಂಕುಮದ ಭರಣಿ ಮುಚ್ಚಳ, ೪.’ ಇದನ್ನು ನಾನು ನನ್ನ ಹರಕು ಹಿಂದಿಯಲ್ಲಿ ಒಬ್ಬ ಮೆಕ್ಯಾನಿಕ್‌ಗೆ ಹೇಳಬೇಕು. ಅಶ್ರಫ್ ಸಹನೆಯ ಮನುಷ್ಯ. ಒಂದು ಚೀಲದಲ್ಲಿ ಬಾಗಿದ ಕಬ್ಬಿಣದ ಕೊಳವೆ ಇತ್ತು. ಚೀಟಿ ಓದಿ ನಾನು ಅದನ್ನು ಮತ್ತೆ ಚೀಲದೊಳಗೇ ಹಾಕಿದೆ. “ಕ್ಯಾ ಲಿಖಾ ಹೈ, ಮೇಡಂ?” ಎಂದ. ಅದರಲ್ಲಿ ಬರೆದಿದ್ದದ್ದು ‘ಭಾವನ ಮೂಗು’ ಎಂದು. ಮಾವನ ಭಾವ ಅಂದರೆ ನನ್ನ ತಂದೆ. ಮಾವ ಕೂತಲ್ಲಿಂದಲೇ, “ನಿನ್ನ ಮೂಗು ತೋರಿಸಮ್ಮ, ಅವನಿಗೆ ಅರ್ಥ ಆಗತ್ತೆ,” ಎಂದರು. ಅಶ್ರಫ್ ನನ್ನನ್ನು ಪಕ್ಕದಿಂದ ನೋಡಿದ, ಕೊಳವೆಯನ್ನು ನೋಡಿದ, ನಗದೆ ಹೋಗಿ ರೇಡಿಯೇಟರಿನ ಹಿಂದೆ ಸರಿಯಾದ ಜಾಗಕ್ಕೆ ಕೂರಿಸಿದ. ಅವನ ಸಭ್ಯತೆಯನ್ನು ನಾನು ಇಂದಿಗೂ ಮರೆತಿಲ್ಲ.

ಕಾರನ್ನು ಹಿಂದೆ ಇದ್ದಂತೆಯೇ ಜೋಡಿಸಿದ್ದರೆ ಅವರು ನಮ್ಮ ಮಾವ ಹೇಗಾದಾರು? ಸೆಕೆಗೆ ಹೆದರಿ ಅದಕ್ಕೆ ಜಪಾನಿನ ವ್ಯಾನೊಂದರ ಏಸಿ ಹಾಕಿಸಿದರು. ಡ್ಯಾಶ್‌ಬೋರ್ಡಿನ ಕೆಳಗೆ ಊಟದ ಕ್ಯಾರಿಯರ್ ನೇತುಹಾಕಲು ಹಿತ್ತಾಳೆಯ ಕೊಕ್ಕೆ ಹೊಡೆಸಿದರು. ಚಾಲಕನ ಪಕ್ಕದ ಸೀಟನ್ನು ಕಿತ್ತು, ಗುಜರಿಗೆ ಬಿದ್ದಿದ್ದ ಮಿನಿಬಸ್ಸಿನ ಸೀಟು ತಂದು, ಒಂದು ಗೇಣು ಎತ್ತರಿಸಿ ಕೂರಿಸಿದರು. ಓಡಿಸುವವರಿಗೆ ರಸ್ತೆಯ ಚಿಂತೆ, ಕಾರಿನ ಸುಖವೆಲ್ಲ ಪಕ್ಕದಲ್ಲಿ ಕೂತವರದ್ದೇ ಎಂಬುದು ಅವರ ವಾದ. ಲೈಸೆನ್ಸ್ ಇಲ್ಲದವರ ವಾದ ಮತ್ತೆ ಹೇಗಿರುತ್ತದೆ?

ಕಚೇರಿಯಲ್ಲಿ ನನ್ನ ಕೆಲಸ ನಕ್ಷೆಗಳ ಹಳೆಯ ಪ್ರತಿ, ಹೊಸ ಪ್ರತಿ ಇಟ್ಟುಕೊಂಡು ಏನು ಬದಲಾಗಿದೆ ಎಂದು ಗುರುತಿಸುವುದು. ಆ ಅಭ್ಯಾಸ ಒಂದು ಶುಕ್ರವಾರ ಬೇಡದ ಕಡೆ ಕೆಲಸ ಮಾಡಿತು. ಮೊದಲ ವರ್ಷದ ಚೀಟಿಗಳಲ್ಲಿ ಮಾವನ ಅಕ್ಷರ ಇರುವೆ ಸಾಲಿನಂತಿತ್ತು. ಎರಡನೆಯ ವರ್ಷದವು ಕಡಲೆಯಷ್ಟು. ಈಚಿನ ಚೀಟಿಗಳಲ್ಲಿ ಒಂದೊಂದು ಅಕ್ಷರ ಹೆಬ್ಬೆರಳಿನಷ್ಟಿತ್ತು. ಮೂರು ಪದ ಬರೆಯುವಷ್ಟರಲ್ಲಿ ಕಾಗದ ಮುಗಿದು, ಉಳಿದದ್ದು ಚೀಲದ ಮೇಲೆ ಹರಿದಿತ್ತು.

“ಮಾವ, ಅಕ್ಷರ ಯಾಕೆ ದೊಡ್ಡದಾಗ್ತಾ ಬಂದಿದೆ?”

“ಪೆನ್ನು ದಪ್ಪ ಕಣಮ್ಮ.”

“ಪೆನ್ನು ಅದೇ ಇದೆ.”

ಅವರು ಕೈಯಲ್ಲಿದ್ದ ನಟ್ಟನ್ನು ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಒರೆಸಿದರು. “ನಿಮ್ಮಪ್ಪನ ಮೂಗೊಂದೇ ಅಂದ್ಕೊಂಡಿದ್ದೆ, ಬುದ್ಧಿನೂ ಬಂದಿದೆ ನಿಂಗೆ.”

ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಹತ್ತಿತ್ತು. ಒಂದೂವರೆ ವರ್ಷದಿಂದ ಕಣ್ಣಿಗೆ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದರು. ಅದು ವೇಗವನ್ನು ತಗ್ಗಿಸಿತೇ ಹೊರತು ನಿಲ್ಲಿಸಲಿಲ್ಲ. ನೋಟದ ನಡುಭಾಗ ಹೋಗಿತ್ತು, ಅಂಚು ಉಳಿದಿತ್ತು. “ನೇರ ನೋಡಿದ್ರೆ ಎದುರಿಗಿರೋದು ಮಾಫಿ. ಇಲ್ವೇ ಇಲ್ಲ. ಓರೆಯಾಗಿ ನೋಡಿದ್ರೆ ಬರತ್ತೆ,” ಎಂದರು, ಯಾವುದೋ ಕಂಟೇನರಿನ ವಿಷಯ ಹೇಳುವಂತೆ. ಬಂದರಿನಲ್ಲಿ ಪೂರ್ತಿ ಬಂದಿದ್ದ ಸರಕನ್ನು ‘ಕಡಿಮೆ’ ಎಂದು ಬರೆದಿದ್ದರಂತೆ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ತಪ್ಪು. ಕಂಪನಿಯವರು ಗದರಲಿಲ್ಲ, ಮರ್ಯಾದೆಯಿಂದಲೇ ಕಾಗದ ಕೊಟ್ಟರು: ಮಾರ್ಚ್ ಕೊನೆಗೆ ಕೆಲಸ ಖಲಾಸ್, ವೀಸಾ ರದ್ದು. ಮೈಸೂರಿಗೆ ಅವರು ಹೇಳಿದ್ದು ರಿಟೈರ್‌ಮೆಂಟ್ ಎಂದು. ಕಣ್ಣಿನ ಸುದ್ದಿಯನ್ನು ವಿಮಾನ ಇಳಿದ ಮೇಲೆ ತಾವೇ ಹೇಳುತ್ತೇವೆ, ಅಲ್ಲಿಯವರೆಗೆ ನಾನು ಬಾಯಿ ಬಿಡಕೂಡದು ಎಂದು ಮಾತು ತೆಗೆದುಕೊಂಡರು.

ಮಾತು ಕೊಟ್ಟ ವಾರವೇ ಅತ್ತೆಯ ಫೋನು. “ವಿಡಿಯೋದಲ್ಲಿ ಮುಖ ಕೊಟ್ಟು ಮಾತಾಡಲ್ಲ ಕಣೇ. ಕತ್ತು ಆ ಕಡೆ ತಿರುಗಿಸ್ಕೊಂಡು ಕೂತಿರ್ತಾರೆ. ಆ ಕಡೆ ಯಾರಿದಾರೆ, ನಿಜ ಹೇಳು.” ಯಾರೂ ಇಲ್ಲ ಎಂದೆ. ನೀನೂ ಅವರ ಕಡೆಯವಳೇ ಎಂದು ಫೋನ್ ಇಟ್ಟರು. ಆ ಕಡೆ ಯಾರೂ ಇರಲಿಲ್ಲ. ನೇರ ನೋಡಿದರೆ ಪರದೆಯ ಮೇಲೆ ಅತ್ತೆ ಇರುತ್ತಿರಲಿಲ್ಲ. ಅವರ ಮುಖ ಕಾಣಲೆಂದೇ ಮಾವ ಮುಖ ತಿರುಗಿಸುತ್ತಿದ್ದರು. ಇದನ್ನು ಹೇಳಿದ್ದರೆ ಅತ್ತೆಯ ಅನುಮಾನ ಒಂದು ನಿಮಿಷದಲ್ಲಿ ಹೋಗುತ್ತಿತ್ತು. ಅನುಮಾನದ ಜಾಗಕ್ಕೆ ಏನು ಬರುತ್ತಿತ್ತು ಎಂದು ಯೋಚಿಸಿ ಸುಮ್ಮನಿದ್ದೆ.

ಕಾರನ್ನು ಊರಿಗೆ ಒಯ್ಯುವಂತಿರಲಿಲ್ಲ. ದೋಹಾದ ಉತ್ತರಕ್ಕಿರುವ ಅಲ್ ಖೋರ್‌ನಲ್ಲಿ ಹಳೆಯ ಕಾರುಗಳ ಹುಚ್ಚಿರುವ ಒಬ್ಬ ಕತಾರಿ ಯಜಮಾನರು ತೆಗೆದುಕೊಳ್ಳಲು ಒಪ್ಪಿದರು. ಬಂದು ನೋಡಿ, ಏಸಿಯನ್ನು ಸಹಿಸಿಕೊಂಡು, ಮಿನಿಬಸ್ಸಿನ ಸೀಟಿಗೆ ಕಣ್ಣು ಮುಚ್ಚಿಕೊಂಡು, ಕೊನೆಗೆ ಕೊಕ್ಕೆ ಯಾತಕ್ಕೆ ಎಂದು ಕೇಳಿದರು. “ಒರಿಜಿನಲ್,” ಎಂದರು ಮಾವ. ಯಜಮಾನರು ನಕ್ಕು, ಇರಲಿ ಬಿಡಿ ಎಂದರು. ರಿಕವರಿ ಲಾರಿ ತಾವೇ ಕಳಿಸುತ್ತೇವೆಂದಾಗ ಮಾತ್ರ ಮಾವ ಒಪ್ಪಲಿಲ್ಲ.

“ಬಂದಾಗ ಹೆಣದ ಥರ ಬಂತು,” ಎಂದು ನನಗೆ ಹೇಳಿದರು. “ಹೋಗುವಾಗ ನಡ್ಕೊಂಡು ಹೋಗ್ಬೇಕು. ನಾನು ಒಳಗೆ ಕೂತಿರ್ಬೇಕು. ಈ ಅಂಚಲ್ಲಿ ಉಳಿದಿರೋ ಬೆಳಕು ಇರೋವಾಗ್ಲೇ ಆಗ್ಬೇಕು.”

ಇದ್ದದ್ದು ಆರು ವಾರ, ಬಿಚ್ಚಬೇಕಾದ ಚೀಲಗಳು ಎಪ್ಪತ್ತು. ಆಮೇಲಿನ ಶುಕ್ರವಾರಗಳಲ್ಲಿ ನಗು ಕಡಿಮೆಯಾಯಿತು. ಕೊನೆಕೊನೆಯ ಚೀಟಿಗಳು ಅವರಿಗೇ ತಿಳಿಯುತ್ತಿರಲಿಲ್ಲ. ಒಂದೇ ಭಾಗಕ್ಕೆ ಎರಡು ಹೆಸರು, ಒಂದು ಚೀಟಿಯಲ್ಲಿ ಬರೀ ಗೀಟುಗಳು. ಆಗ ಅವರು ಭಾಗವನ್ನು ಕೈಗೆ ತೆಗೆದುಕೊಂಡು, ಆಕಾಶ ನೋಡುತ್ತಾ, ಬೆರಳಿನಿಂದ ತಡವಿ ಹೇಳುತ್ತಿದ್ದರು. ತಪ್ಪುತ್ತಿರಲಿಲ್ಲ. ಎರಡೇ ಸಲ ತಪ್ಪಿದರು. ಎರಡು ಸಲವೂ ಅಶ್ರಫ್ ಅವರೆದುರು ಸರಿ ಎಂದು ತಲೆಯಾಡಿಸಿ, ಅವರು ಟೀ ಕುಡಿಯಲು ಹೋದಾಗ ಬದಲಾಯಿಸಿದ.

ಗಾಡಿ ತಪಾಸಣೆಯ ದಿನ ಮೊದಲ ಸಲ ಫೇಲಾಯಿತು. ಹೆಡ್‌ಲೈಟುಗಳಲ್ಲಿ ಒಂದು ನೆಲ ನೋಡುತ್ತಿತ್ತು, ಇನ್ನೊಂದು ನಕ್ಷತ್ರ. ತಪಾಸಣೆಯವನು ವಿವರಿಸುವಷ್ಟು ಹೊತ್ತೂ ಮಾವ ಕತ್ತು ತಿರುಗಿಸಿಕೊಂಡು ನಿಂತಿದ್ದರು. ನಿಮ್ಮ ತಂದೆಗೆ ಬೇಜಾರಾಯಿತೇ ಎಂದು ಅವನು ನನ್ನನ್ನು ಮೆಲ್ಲಗೆ ಕೇಳಿದ. ಇಲ್ಲ, ನಿಮ್ಮನ್ನೇ ನೋಡುತ್ತಿದ್ದಾರೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮುಂದಿನ ವಾರ ಪಾಸಾಯಿತು. ಮಾವನಿಗೆ ಲೈಸೆನ್ಸ್ ಇಲ್ಲದ್ದರಿಂದ ನೋಂದಣಿ ನನ್ನ ಹೆಸರಿಗೇ ಆಯಿತು. ಹೀಗೆ, ಜೀವನದಲ್ಲಿ ಎದ್ದು ಕಾಣುವ ಬಣ್ಣದ ಬಟ್ಟೆಯನ್ನೂ ತೊಡದ ನಾನು, ಮೂರು ಬೀದಿಗೆ ಕೇಳುವಂತೆ ಗುಡುಗುವ ಕೆಂಪು ಕಾರೊಂದಕ್ಕೆ ಹತ್ತು ದಿನದ ಒಡತಿಯಾದೆ.

ಹೊರಟದ್ದು ಮಾರ್ಚಿನ ಕೊನೆಯ ಶುಕ್ರವಾರ ಬೆಳಿಗ್ಗೆ, ಸ್ಟಿಯರಿಂಗ್ ನನ್ನ ಕೈಯಲ್ಲಿ. ಗಾಳಿಯಲ್ಲಿ ಧೂಳಿತ್ತು, ಬಿಸಿಲು ಅಕ್ಕಿ ತೊಳೆದ ನೀರಿನಂತಿತ್ತು. ನೀರಿನ ಕ್ಯಾನು, ಹಗ್ಗ ಇಟ್ಟುಕೊಂಡು ಅಶ್ರಫ್ ತನ್ನ ಪಿಕಪ್ಪಿನಲ್ಲಿ ಹಿಂದೆಯೇ ಬರುತ್ತಿದ್ದ; ಕಾರಿನ ಮೇಲೆ ನಂಬಿಕೆ ಇಲ್ಲವೆಂದಲ್ಲ, ಎಂದು ಎರಡು ಸಲ ಹೇಳಿದ್ದ. ಮಾವ ಎತ್ತರದ ಸೀಟಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಇಂಜಿನ್ ಶುರುವಾದಾಗ ಒಂದು ಸಲ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು. ಆಮೇಲೆ ತೆಗೆಯಲೇ ಇಲ್ಲ.

ಊರು ದಾಟಿದ ಮೇಲೆ ಮಾತು ಶುರು ಮಾಡಿದರು. ಕತಾರಿಗೆ ಬಂದ ಹೊಸತರಲ್ಲಿ ಈ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದರಂತೆ.

“ಈಗ ಎಡಕ್ಕೊಂದು ಖರ್ಜೂರದ ತೋಟ ಬರತ್ತೆ. ತಗಡಿನ ಗೇಟು.”

ಎಡಕ್ಕೆ ಇದ್ದದ್ದು ಕಾಂಕ್ರೀಟು ತಡೆಗೋಡೆ. “ಇದೆ ಮಾವ,” ಎಂದೆ.

“ಅದರ ಪಕ್ಕ ಟಯರ್ ಅಂಗಡಿ?”

“ಇದೆ.”

“ಟಯರ್ ಅಂಗಡಿ ಈ ರಸ್ತೇಲಿ ಯಾವತ್ತೂ ಇರ್ಲಿಲ್ಲ ಕಣೇ. ಈಗ ತಾನೆ ನಾನು ಕಟ್ಟಿದ್ದು.” ಅವರು ನಗುತ್ತಿದ್ದರು. “ಸುಳ್ಳು ಹೇಳಕ್ಕೆ ಬರಲ್ಲ ನಿಂಗೆ. ಏನಿದೆಯೋ ಅದನ್ನ ಹೇಳು.”

ಇದ್ದದ್ದನ್ನು ಹೇಳಿದೆ. ಗೋಡೆ. ಬೇಲಿ. ಬೇಲಿಯಾಚೆ ಮರಳು, ಅದು ಹಳದಿಯಲ್ಲ, ಬೂದಿಯ ಬಣ್ಣ. ಮೂರು ಒಂಟೆ, ಒಂದಕ್ಕೆ ಬಾಯಿಗೆ ಬಲೆ ಕಟ್ಟಿದ್ದಾರೆ. ಹುಲ್ಲು ಹೇರಿದ ಲಾರಿ. ನಮ್ಮನ್ನು ದಾಟುವಾಗ ಬಿಳಿ ಗಾಡಿಯವರೊಬ್ಬರು ವೇಗ ತಗ್ಗಿಸಿ, ಮೂತಿಯಿಂದ ಬಾಲದ ತನಕ ನೋಡಿ, ಹೆಬ್ಬೆರಳು ಎತ್ತಿ ಹೋದರು. ಅದನ್ನು ಮಾವ ಇನ್ನೊಮ್ಮೆ ಹೇಳಿಸಿದರು. ಅವರ ಮುಖ ಪೂರ್ತಿ ನನ್ನ ಕಡೆ ತಿರುಗಿತ್ತು. ರಸ್ತೆಯನ್ನು ನೋಡುತ್ತಿದ್ದಾರೆಂದು ಗೊತ್ತಾಯಿತು.

ಅಲ್ ಖೋರ್‌ಗೆ ತಿರುಗುವ ಫಲಕ ಬಂತು. ಮೊದಲು ಎರಡು ಕಿಲೋಮೀಟರ್ ಎಂದಿತ್ತು, ಆಮೇಲೆ ಒಂದು. ನಾನು ಇಂಡಿಕೇಟರ್ ಹಾಕಿದೆ. ಸ್ವಲ್ಪ ಹೊತ್ತು ಅದು ಟಿಕ್ ಟಿಕ್ ಎನ್ನುತ್ತಿತ್ತು. ತೆಗೆದೆ. ತಿರುವು ಬಲಗಡೆಯಿಂದ ಹಿಂದಕ್ಕೆ ಹೋಯಿತು. ಮುಂದೆ ಉತ್ತರಕ್ಕೆ ರಸ್ತೆ ಖಾಲಿಯಿತ್ತು.

“ಅಲ್ ಖೋರ್ ಬಂತಾ?”

“ಇನ್ನೂ ಇಲ್ಲ ಮಾವ.”

ಹಿಂದಿನಿಂದ ಅಶ್ರಫ್ ಉದ್ದಕ್ಕೆ ಹಾರ್ನ್ ಹೊಡೆದ. ಒಂದು ಸಲ, ಮತ್ತೊಂದು ಸಲ.

“ಯಾರೋ ಅವಸರದಲ್ಲಿದ್ದಾರೆ,” ಎಂದು ಮಾವ ಕಿಟಕಿಯ ಗಾಜು ಏರಿಸಿದರು.